ಕರು ಮೊದಲು

ಸೆಪ್ಟೆಂಬರ್ 25, ಬೆಳಗ್ಗೆ ಆರು

ಜೌಗಿನ ಅಂಚಿನಲ್ಲಿ ಕೂತಾಗಿದೆ. ಫ್ಲಾಸ್ಕಿನಲ್ಲಿ ಕಾಫಿ, ಮಡಿಲಲ್ಲಿ ಬಂದೂಕು. ಮೂಸ್ ಬೇಟೆಯ ಮೊದಲ ದಿನ, ಕುದುರೆಯಷ್ಟು ಎತ್ತರದ ಆ ಕಾಡುಜಿಂಕೆಗಳಿಗಾಗಿ ಕಾಯುತ್ತಿದ್ದೇವೆ. ಈ ವರ್ಷ ಅಳಿಯ ಎಸ್ಕಿಲ್ ಕೂಡ ಬಂದಿದ್ದಾನೆ. ಓಸ್ಲೋದವನು, ಬಾಯಿ ಬಿಟ್ಟರೆ "ನಾತೂರ್". ಪೇಟೆಯವರಿಗೆ ಎಲ್ಲವೂ ಸೇರಿ ಒಂದೇ ಪ್ರಕೃತಿ, ಒಂದೇ ಪದ. ನಮಗೆ ಕಾಡು ಕಾಡೇ, ಜೌಗು ಜೌಗೇ.

ಅಣ್ಣ ಹಾಲ್ವೋರ್ ಬಿಡುತ್ತಾನಾ? "ಅಳಿಯಂದಿರೇ, ನಿಮ್ಮ ನಾತೂರ್ ಎಲ್ಲಿದೆ ತೋರಿಸಿ, ಅಲ್ಲೇ ಉಚ್ಚೆ ಹೊಯ್ದು ಬರ್ತೀನಿ." ಆಮೇಲೆ ಗಂಭೀರವಾಗಿ, "ತಾಯಿ-ಕರು ಜೊತೆಗೆ ಬಂದ್ರೆ ಕರು ಮೊದಲು. ತಿಳೀತಾ?"

ಸೆಪ್ಟೆಂಬರ್ 26

ಎಸ್ಕಿಲ್ ತಾಯಿಯನ್ನೇ ಹೊಡೆದುಬಿಟ್ಟ! ಕರು ಓಡಿಹೋಯಿತು.

"ಕರುನ ಹೇಗ್ ಹೊಡೀಲಿ ಅತ್ತೆ, ಪಾಪ ಅನ್ನಿಸ್ತು."

ಪಾಪವಂತೆ. ತಬ್ಬಲಿ ಕರು ಚಳಿಗಾಲ ದಾಟುವುದಿಲ್ಲ. ಅದಕ್ಕೂ ಮುಂಚೆ ತೋಳದ ಬಾಯಿಗೆ. ಹಾಲ್ವೋರ್ ಅವನ ಕೊರಳಪಟ್ಟಿ ಹಿಡಿದು ಮರಕ್ಕೆ ಅಪ್ಪಳಿಸಿದ. "ಬಿಡು ಗುನ್‌ವೋರ್, ಇವನಿಗೆ ಬುದ್ಧಿ ಕಲಿಸ್ತೀನಿ." ನಾನು ಬಿಡಿಸಿದೆ. ತಾಯಿಯನ್ನು ಸೀಳಿ ಕರುಳು ಬಿಸಾಡಿದ ಜಾಗಕ್ಕೆ ಕರು ಮರಳಿ ಬರುತ್ತದೆ. ನಾಳೆ ಅಲ್ಲಿ ಎಸ್ಕಿಲ್ ಕಾಯಬೇಕು, ಜೊತೆಗೆ ನಾನು.

ಸೆಪ್ಟೆಂಬರ್ 27



ಕರು ಬಂತು. ರಕ್ತ ಮೂಸಿ ನೋಡಿ ಕೂಗಿತು. "ಹೊಡಿ" ಅಂದೆ. ಎಸ್ಕಿಲ್ ಬಂದೂಕು ಎತ್ತಿದ, ಇಳಿಸಿದ. "ನನ್ ಕೈಲಾಗಲ್ಲ ಅತ್ತೆ." ಅಷ್ಟರಲ್ಲಿ ತೋಳ... ತೊಡೆಗೆ ಬಾಯಿ ಹಾಕಿ ಕೆಡವಿತು, ಹೊಟ್ಟೆ ಬಗೆಯಿತು. ಕರುವಿಗೆ ಜೀವ ಇನ್ನೂ ಇತ್ತು, ಅರಚುತ್ತಲೇ ಇತ್ತು. ಅದರ ಕತ್ತಿಗೆ ಹೊಡೆದೆ. ಅರಚಾಟ ನಿಂತಿತು. ತೋಳ ಓಡಿತು. ಓಡುತ್ತಿದ್ದದ್ದಕ್ಕೂ ಹೊಡೆದೆ. ಸಿಟ್ಟಿಗೆ, ಬರೀ ಸಿಟ್ಟಿಗೆ. ತೋಳ ಕೊಂದರೆ ಜೈಲು, ಗೊತ್ತಿತ್ತು.

ಎಸ್ಕಿಲ್ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು, "ನಾತೂರ್ ಅಂದ್ರೆ ಇದೇ ಅಲ್ವಾ ಅತ್ತೆ..."

ಕೆನ್ನೆಗೆ ಬಾರಿಸಿದೆ. ತುಟಿ ಒಡೆಯಿತು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ. ತೋಳದ ಕುತ್ತಿಗೆಯಲ್ಲಿ ಸರ್ಕಾರದವರ ರೇಡಿಯೋ ಪಟ್ಟಿ, ಅದು ಎಲ್ಲಿದೆಯೆಂದು ಸಿಗ್ನಲ್ ಕಳಿಸುವಂಥದ್ದು. ಪಟ್ಟಿಯನ್ನು ಕಲ್ಲಿನಿಂದ ಜಜ್ಜಿ, ಇಬ್ಬರೂ ಸೇರಿ ಎಲ್ಲವನ್ನೂ ಜೌಗಿನಲ್ಲಿ ಮುಳುಗಿಸಿದೆವು.

ಅಕ್ಟೋಬರ್ 2

ಸಿಗ್ನಲ್ ನಿಂತ ಜಾಗದಲ್ಲಿ ಪೊಲೀಸರು ಜೌಗು ಕೆದಕಿದ್ದಾರೆ. ತೋಳದ ಹೆಣ ಸಿಕ್ಕಿದೆ. ಈಗ ನಮ್ಮ ಅಡುಗೆಮನೆಯಲ್ಲಿದ್ದಾರೆ. ಹೊಡೆದದ್ದು ಯಾರು ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎಸ್ಕಿಲ್, "ನಾನೇ. ಅತ್ತೆ ಬೇಡ ಅಂದ್ರು, ಕೇಳ್ಲಿಲ್ಲ." ತುಟಿಯ ಗಾಯ ಇನ್ನೂ ಮಾಗಿಲ್ಲ ಅವನಿಗೆ.

ಠಾಣೆಗೆ ಕರೆದೊಯ್ಯುತ್ತಾರಂತೆ, ಅವನಿಗೆ ಸ್ವೆಟರ್ ತರುತ್ತೇನೆಂದು ಕೋಣೆಗೆ ಬಂದವಳು ಬಾಗಿಲು ಹಾಕಿಕೊಂಡು ಇದನ್ನು ಗೀಚುತ್ತಿದ್ದೇನೆ. ಎಂಥ ಹೇಡಿ ನಾನು. ಹೊರಗೆ ಪೊಲೀಸರ ಕಾರು ಸ್ಟಾರ್ಟ್ ಆಯಿತು. ಇಲ್ಲ, ಆಗದು, ಈಗಲೇ ಹೋಗಿ ನಾನೇ ಅಂತ—