ಅಟ್ಟಕ್ಕೇರಿದ ಪರದೆಯೂ ನಯನಳ ಗಮನವೂ

ಶಾಲೆಗಳಿಗೆ ಟಚ್ ಸ್ಕ್ರೀನ್ ಹಂಚುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಸರ್ಕಾರಿ ಶಾಲೆಯಿಂದ ಒಬ್ಬ ಟೀಚರನ್ನು ಕಿತ್ತುಕೊಂಡು ಅವರ ಬದಲಿಗೆ ಒಂದು ಪರದೆ ಕೊಟ್ಟಿರಿ. ಆ ಪರದೆಯ ಮುಂದೆ ನಮ್ಮ ಮಕ್ಕಳು ಅಪೂರ್ವ ಗಮನದಿಂದ ಕೂರುತ್ತಾರೆಂದು ಈಗ ಪ್ರಶಂಸಾಪತ್ರವನ್ನೂ ಕಳಿಸಿದ್ದೀರಿ. ಪ್ರಶಂಸಾಪತ್ರ ವಾಪಸು ತಗೊಳ್ಳಿ, ಟೀಚರನ್ನು ವಾಪಸು ಕೊಡಿ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಏಕೆ ಬರೆದೆ ಎಂದರೆ, ನೀವೊಬ್ಬರೇ ಓದಲೆಂದು ಬರೆದ ಹಿಂದಿನ ಅರ್ಜಿಗಳನ್ನು ನೀವೂ ಓದಿದ ಹಾಗೆ ಕಾಣಲಿಲ್ಲ.

ನಾನು ಶಾಲಾ ಸಮಿತಿಯ ಅಧ್ಯಕ್ಷೆ. ನೊಣವಿನಕೆರೆ ಬಸ್ಸು ನಿಲ್ಲುವ ಕಡೆ ನನ್ನದೊಂದು ಸಣ್ಣ ಅಂಗಡಿ. ಬಳಪ, ಪೆನ್ಸಿಲ್, ಪೆಪ್ಪರಮಿಂಟು ಏನು ಬೇಕಾದರೂ ಊರಿನ ಮಕ್ಕಳು ನನ್ನ ಮುಂದೆಯೇ ಬರಬೇಕು. ಯಾರು ಶಾಲೆಗೆ ಹೋದರು, ಯಾರು ತಪ್ಪಿಸಿಕೊಂಡರು ಎಂಬುದು ನಿಮ್ಮ ಪರದೆಯ ಕ್ಯಾಮರಾಕ್ಕಿಂತ ಮೊದಲು ನನಗೆ ತಿಳಿಯುತ್ತದೆ.

ಹುಚ್ಚಣ್ಣ, ಅಂಕಮ್ಮ ದಂಪತಿಯ ಮಗಳು ನಯನ ಈಗ ನಾಲ್ಕನೇ ಕ್ಲಾಸು. ಈ ಹುಡುಗಿ ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಶಾಲೆಯ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಒಂದನೇ ಕ್ಲಾಸಿನಿಂದಲೂ ಹಾಜರಿ ಕೂಗಿದರೆ ಕೈ ಎತ್ತುವುದೇ ಹೊರತು ಒಂದಕ್ಷರ ಆಡಿದವಳಲ್ಲ. ಅವಳ ಬೀಗ ತೆಗೆದವರು ಅತಿಥಿ ಶಿಕ್ಷಕಿ ಭಾನುಪ್ರಿಯಾ. ಚಿಕ್ಕನಾಯಕನಹಳ್ಳಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆ ಹೆಣ್ಣುಮಗಳ ಬಳಿ ಗಾಜು ಒಡೆದ ಒಂದು ಫೋನಿತ್ತು. ಮಕ್ಕಳು ಸರದಿಯಂತೆ ಆ ಫೋನಿನಲ್ಲಿ ಊರಿನ ಒಂದು ಸದ್ದು ಹಿಡಿದು ತರಬೇಕು, ಉಳಿದವರು ಅದೇನೆಂದು ಹೇಳಬೇಕು, ಆಮೇಲೆ ಅದರ ಬಗ್ಗೆ ಬರೆಯಬೇಕು. ಕ್ಲಾಸಿನಲ್ಲಿ ತಂತ್ರಜ್ಞಾನ ಅಂತ ನೀವು ಹೇಳುತ್ತೀರಲ್ಲ, ಅದು ನಮ್ಮಲ್ಲಿ ನಿಮಗಿಂತ ಮೊದಲೇ ಬಂದಿತ್ತು. ನಿಮ್ಮನ್ನು ಕೇಳದೆ ಬಂದಿದ್ದೇ ಅದರ ತಪ್ಪಿರಬೇಕು.

ನಯನಳ ಸರದಿ ಬಂದ ದಿನ ನಾನೂ ಅಲ್ಲಿದ್ದೆ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವ ಕ್ರಮ ನಿಮಗೆ ತಿಳಿದಿದೆಯೋ ಇಲ್ಲವೋ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಹರಡಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಫೋನಿನಲ್ಲಿ ಮೊದಲು ನೀರು ಕುಲುಕುವ ಸದ್ದು ಬಂತು. ಹಿಂದೆಯೇ ಲೊಟಲೊಟ ಸದ್ದು. ಅದರ ಹಿಂದೆ ನಯನಳ ದನಿ: "ಮೊದಲ್ನೇದು ಹಸಿ ಐತೆ ಮಿಸ್. ಇದು ಆಗೋಗೈತೆ."

ಕ್ಲಾಸು ಚಪ್ಪಾಳೆ ತಟ್ಟಿತು. ನಯನ ತಲೆ ತಗ್ಗಿಸಿಕೊಂಡೇ, ಈ ಸಲ ಫೋನಿಲ್ಲದೆ, "ಇನ್ನೊಂದು ಐತೆ" ಅಂದಳು. ಭಾನುಪ್ರಿಯಾ ಟೀಚರು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅದಾದ ಸ್ವಲ್ಪ ದಿನಕ್ಕೇ, ಹೋದ ವರ್ಷದ ಜೂನಿನಲ್ಲಿ, ನಿಮ್ಮ ಪರದೆ ಪೆಟ್ಟಿಗೆಯಲ್ಲಿ ಬಂತು. ಜೊತೆಗೊಂದು ಆದೇಶ: ಇನ್ನು ಪರದೆಯೇ ಪಾಠ ಮಾಡುವುದರಿಂದ ಅತಿಥಿ ಶಿಕ್ಷಕಿಯ ಅಗತ್ಯವಿರುವುದಿಲ್ಲ. ಐದು ತರಗತಿಗೆ ಬಸವಕುಮಾರ್ ಮೇಷ್ಟ್ರೊಬ್ಬರೇ ಉಳಿದರು. ಪರದೆ ಜೋಡಿಸುವವರು ಯಾವಾಗ ಬರುತ್ತಾರೆ ಎಂದು ಕೇಳಿದರೆ ನಿಮ್ಮ ಕಚೇರಿಯವರು "ಬರ್ತಾರೆ, ಅಲ್ಲಿವರೆಗೆ ಹುಷಾರಾಗಿ ಇಟ್ಕೊಳ್ಳಿ" ಅಂದರು. ಪೆಟ್ಟಿಗೆಯ ಮೇಲೂ ಬರೆದಿತ್ತು: ತೇವ ತಾಗದ, ಬಿಸಿಲು ಬೀಳದ, ನೆಲದಿಂದ ಎತ್ತರದ ಜಾಗದಲ್ಲಿ ಇಡತಕ್ಕದ್ದು. ಇದನ್ನು ಓದಿದ ತಿಪಟೂರು ಸೀಮೆಯವರಿಗೆ ಹೊಳೆಯುವ ಜಾಗ ಒಂದೇ. ಶಾಲೆಯ ಮಾಡು ಸೋರುತ್ತದೆ. ಊರಿನ ತೆಂಗು ಬೆಳೆಗಾರ ಮರುಳಸಿದ್ದಯ್ಯನವರ ಕೊಬ್ಬರಿ ಅಟ್ಟ ಸೋರುವುದಿಲ್ಲ. ಸಮಿತಿ ಒಮ್ಮತದಿಂದ ನಿರ್ಣಯಿಸಿ ಪರದೆಯನ್ನು ಅಟ್ಟಕ್ಕೇರಿಸಿತು.

ಮಳೆಗಾಲ ಜೋರಾಯಿತು. ಕಾಯಿ ಮುಗ್ಗು ಹಿಡಿಯದಿರಲೆಂದು ಮರುಳಸಿದ್ದಯ್ಯನವರು ವಾಡಿಕೆಯಂತೆ ಅಟ್ಟದ ಕೆಳಗೆ ಹೊಗೆ ಹಾಕಿದರು. ಮುಂದಿನ ಬೇಸಿಗೆಗೆ ಕಾಯಿ ಇಳಿಸುವಾಗಲೇ ನಿಮ್ಮ ಎಂಜಿನಿಯರ್ ಹುಡುಗನೂ ಬಂದ. ಪೆಟ್ಟಿಗೆ ಬಿಚ್ಚಿದವನು ಮೂಗು ಮುಚ್ಚಿಕೊಂಡು, "ಏನ್ರಮ್ಮಾ ಇದು, ಒಲೆ ವಾಸ್ನೆ ಹೊಡೀತೈತೆ?" ಅಂದ. ಮರುಳಸಿದ್ದಯ್ಯನವರು ಶಾಂತವಾಗಿ, "ನೀನ್ ಬರೋದು ಒಸಿ ತಡ ಆಯ್ತು ಕಣಪ್ಪ. ಕಾಯಿ ಕೊಬ್ಬರಿ ಆಯ್ತು. ಇದೇನಾಗೈತೋ ನೀನೇ ನೋಡು" ಅಂದರು.

ಊರೆಲ್ಲ ನಕ್ಕಿತು, ನಾನೂ ನಕ್ಕೆ. ನಗು ಆರಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಪರದೆ ಅಟ್ಟದ ಮೇಲಿದ್ದ ಅಷ್ಟು ಕಾಲವೂ ನಿಮ್ಮ ದಾಖಲೆಯಲ್ಲಿ ಅದು ಪಾಠ ಮಾಡುತ್ತಲೇ ಇತ್ತಂತೆ. ಯಾರಿಗೆ ಸ್ವಾಮಿ? ಕಾಯಿಗಳಿಗೋ, ಇಲಿಗಳಿಗೋ?

ಹೊಗೆ ಕುಡಿದರೂ ಪರದೆಗೆ ಬೆಳಕು ಬಂತು, ಸುಳ್ಳು ಹೇಳಬಾರದು. ಆದರೆ ನಮ್ಮೂರಿನ ಇಂಟರ್‌ನೆಟ್ಟಿಗೆ ಪಾಠವನ್ನು ಎಳೆದು ತರುವ ಶಕ್ತಿಯಿಲ್ಲ. ಪರದೆಯ ನಡುವೆ ಒಂದು ಉಂಗುರ ಸುತ್ತುತ್ತದೆ. ಈಗ ಬಂತು, ಇನ್ನೇನು ಬಂತು ಎಂದು ಮಕ್ಕಳು ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಾರೆ. ಪರದೆಯ ಮೇಲಿನ ಕ್ಯಾಮರಾ ಎಷ್ಟು ಮುಖಗಳು ತನ್ನ ಕಡೆಗಿವೆ ಎಂದು ಎಣಿಸಿ ನಿಮಗೆ ವರದಿ ಕಳಿಸುತ್ತದೆ. ಪಾಠ ಓಡುವ ಊರಿನ ಮಕ್ಕಳು ಅಕ್ಕಪಕ್ಕದವರ ಜೊತೆ ಮಾತಾಡಿ, ಪುಸ್ತಕ ನೋಡಿ, ಅಂಕ ಕಳೆದುಕೊಂಡರು. ಉಂಗುರ ನೋಡಿದ ನಮ್ಮ ಮಕ್ಕಳು ಗಮನದಲ್ಲಿ ಮೊದಲ ಸ್ಥಾನ ಪಡೆದರು. ಪರದೆಯನ್ನು ನಾವು ಅಟ್ಟಕ್ಕೇರಿಸಿದೆವು, ನಮ್ಮನ್ನು ನೀವು ಹೊಗಳಿ ಅಟ್ಟಕ್ಕೇರಿಸಿದಿರಿ. ಲೆಕ್ಕ ಚುಕ್ತಾ.

ಚುಕ್ತಾ ಆಗದವಳು ನಯನ. ಟೀಚರು ಹೋದ ಮೇಲೆ ಅವಳ ಬಾಯಿಗೆ ಮತ್ತೆ ಬೀಗ ಬಿತ್ತು. ಪರದೆಗೆ ಅವಳ ಮಾತು ಬೇಕಿಲ್ಲ, ಮುಖ ಸಾಕು. ನಿಮ್ಮ ಲೆಕ್ಕದಲ್ಲಿ ಅವಳಷ್ಟು ಒಳ್ಳೆಯ ವಿದ್ಯಾರ್ಥಿ ಬೇರೆ ಇರಲಿಕ್ಕಿಲ್ಲ, ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಈ ದೀಪಾವಳಿ ಕಳೆದ ಮೇಲೆ ಬೆಳಗಾದರೆ ಹೊಟ್ಟೆನೋವು ಅನ್ನತೊಡಗಿದಳು. ಈಗ ಬರುವುದೇ ಇಲ್ಲ. ಮನೆ ಹಿಂದಿನ ಕಾಯಿಸಿಪ್ಪೆ ರಾಶಿಯ ಮರೆಯಲ್ಲಿ ಕೂತಿರುತ್ತಾಳೆ. ಮನೆಯಲ್ಲೂ ಮಾತು ಕಮ್ಮಿಯಾಗಿದೆ.

ಬೇಡಿಕೆ ಮೇಲೆಯೇ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಭಾನುಪ್ರಿಯಾ ಟೀಚರನ್ನು ವಾಪಸು ಕೊಡಿ. ಪರದೆ ಬೇಕಾದರೆ ಇರಲಿ, ಬೇಡವಾದರೆ ಒಯ್ಯಿರಿ. ಆಗುತ್ತದೆಂಬ ನಂಬಿಕೆಯಿಂದ ಕೇಳುತ್ತಿಲ್ಲ. ಟೀಚರು ಈಗ ತಿಪಟೂರಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತಾರೆ. ಹೋಗಿ ಕರೆದಾಗ, "ಯಾವ ಆರ್ಡರ್ ಮೇಲೆ ಬರ್ಲಿ ವಿಮಲಕ್ಕ?" ಅಂದರು. ಆ ಆರ್ಡರ್ ಬರೆಯಬೇಕಾದವರು ನೀವು, ಬರೆಯುವುದಿಲ್ಲ ಎಂಬುದೂ ನನಗೆ ಗೊತ್ತು.

ಪ್ರಶಂಸಾಪತ್ರ ಬಂದ ದಿನ ನಯನಳ ತಾಯಿ ಅಂಕಮ್ಮ ಬೆಲ್ಲ ಕೊಳ್ಳಲು ಅಂಗಡಿಗೆ ಬಂದಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಮಕ್ಕಳ ಗಮನ ಬಹಳ ಚೆನ್ನಾಗಿದೆಯಂತೆ ಎಂದು ಓದಿ ಹೇಳಿದೆ. ಅವಳು ಬೆಲ್ಲದ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು.

"ನನ್ ಮಗ್ಳು ಕಾಯಾಗಿದ್ರೆ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ ನೋಡ್ತಿದ್ದೆ ಕಣಕ್ಕ," ಅಂದಳು. "ಒಳ್ಗೆ ಇನ್ನಾ ನೀರೈತೋ, ಒಣಗೋಯ್ತೋ, ಅಷ್ಟಾದ್ರೂ ಗೊತ್ತಾಗೋದು."

ಇಂತಿ,
ಗಮನದಲ್ಲಿ ಮೊದಲ ಸ್ಥಾನ ಪಡೆದು, ನಯನಳನ್ನು ಕಳೆದುಕೊಂಡ ಶಾಲೆಯ ಸಮಿತಿ ಅಧ್ಯಕ್ಷೆ
ವಿಮಲಮ್ಮ