ಬೆಂಕಿ ಒಂದೇ, ಬಿರುದು ಬೇರೆ

ಅಮೆರಿಕದ ಸ್ನೊಕ್ವಾಲ್ಮಿ ಕಡೆಯ ಚರಿತ್ರೆ ವಸ್ತುಸಂಗ್ರಹಾಲಯವೊಂದರ ನಿರ್ದೇಶಕರಿಗೆ,

ಮಾನ್ಯರೇ, ನನ್ನ ಮಗಳು ಪೂಜಿತಾಳನ್ನು ಗೈಡ್ ಕೆಲಸದಿಂದ ತೆಗೆದಿದ್ದೀರಿ. ಅವಳ ಅಪರಾಧವೇನು? ನೀವು ಕೊಟ್ಟ ಪಾಠವನ್ನು ಒಂದು ಪದವೂ ಬಿಡದೆ ಒಪ್ಪಿಸಿದ್ದು.

ಹೈಸ್ಕೂಲು ಮುಗಿಸಲು ಇಲ್ಲಿನ ಮಕ್ಕಳು ಸಮಾಜಸೇವೆ ಮಾಡಬೇಕೆಂದು ಅವಳು ನಿಮ್ಮಲ್ಲಿಗೆ ಬಂದಳು. ಬಿಳಿಯ ವಲಸಿಗರಿಗೂ ಇಲ್ಲಿನ ಮೂಲನಿವಾಸಿಗಳಿಗೂ ನಡೆದ ಕಾಳಗದ ಬಗ್ಗೆ ಅಜ್ಜನ ಕಾಲದ ಪುಸ್ತಕದಿಂದ ಇಳಿಸಿದ ಒಂದು ಪುಟ ಕೊಟ್ಟಿರಿ. ನನ್ನ ಹೆಂಡತಿ ಜಾನಕಿ ಮೈಸೂರಿನ ಪದ್ಧತಿಯಂತೆ ತಾಳ ಹಾಕಿಸಿ ಬಾಯಿಪಾಠ ಮಾಡಿಸಿದಳು: "ಕ್ರೂರ ಅನಾಗರಿಕರು ನಸುಕಿನಲ್ಲಿ ನುಗ್ಗಿ ಎರಡು ಮನೆ ಸುಟ್ಟರು. ನಮ್ಮ ವೀರರು ನಸುಕಿನಲ್ಲಿ ನುಗ್ಗಿ ಇಡೀ ಹಳ್ಳಿ ಸುಟ್ಟರು." ಆಹಾ! ನಿಮ್ಮಲ್ಲಿ ವಸ್ತುವುಂಟು, ವಸ್ತುಸ್ಥಿತಿ ಮಾತ್ರ ಇಲ್ಲ.

ಒಂದು ಶನಿವಾರ, ಸುಟ್ಟುಹೋದ ಆ ಮೂಲನಿವಾಸಿ ಹಳ್ಳಿಯ ವಂಶದ ಅಜ್ಜಿಯೊಬ್ಬರು ಮೊಮ್ಮಗಳೊಂದಿಗೆ ಬಂದಿದ್ದರು. ಪಾಠ ಮುಗಿದಾಗ ಪುಟ್ಟಿ ಕೇಳಿದಳಂತೆ: "ಅಜ್ಜಿ, ನಾವು ಕೆಟ್ಟವರಾ?" ಅಜ್ಜಿ ಮಗುವಿನ ಕೋಟಿನ ಗುಂಡಿ ಹಾಕಿ ಕರೆದುಕೊಂಡು ಹೊರಟುಹೋದರು.

ಮನೆಗೆ ಬಂದ ಪೂಜಿತಾ ಊಟಕ್ಕೆ ಕೂರಲಿಲ್ಲ. "ಅಮ್ಮ, ಐ ಸೆಡ್ ಇಟ್ ಪರ್ಫೆಕ್ಟ್ಲಿ!" ಎಂದು ಅತ್ತಳು.

"ಹಂಗಾದ್ರೆ ಬೇರೆ ತರ ಹೇಳೇ," ಎಂದಳು ಜಾನಕಿ. "ಬಾಯಿಪಾಠ ಮಾಡಿದೀಯ, ಬಾಯಿ ಮಾರ್ಕೊಂಡಿಲ್ಲ."

ಮರುವಾರ ಅವಳು ಒಂದು ಪದವನ್ನೂ ಬಿಡದೆ, ಬಿರುದುಗಳನ್ನಷ್ಟೇ ಅದಲುಬದಲು ಮಾಡಿದಳು. ವೀರರು ಎರಡು ಮನೆ ಸುಟ್ಟರು. ಕ್ರೂರ ಅನಾಗರಿಕರು ಇಡೀ ಹಳ್ಳಿ ಸುಟ್ಟರು. ಸುಟ್ಟ ಮನೆಗಳ ಲೆಕ್ಕ ಹಾಗೇ ಇತ್ತು. ಆದರೂ ನೋಡಬಂದವರು ಕೆಂಡವಾದರು. ನೀವು "ನಮ್ಮ ಹಿರಿಯರಿಗೆ ಅವಮಾನ" ಎಂದು ಅವಳನ್ನು ತೆಗೆದುಬಿಟ್ಟಿರಿ. ಹಳ್ಳಿ ಸುಟ್ಟಾಗ ಆಗದ ಅವಮಾನ ವಿಶೇಷಣ ಸುಟ್ಟಾಗ ಆಯಿತೆ? ಊರಿಗೆ ಬೆಂಕಿಯಿಟ್ಟವರ ಮೊಮ್ಮಕ್ಕಳ ಚರ್ಮ ಇಷ್ಟು ತೆಳುವೆ? ಅದು ಅಂದಿನ ಭಾಷೆ, ಹಳೆಯ ಪುಸ್ತಕ ಎನ್ನುತ್ತೀರಿ. ಪುಸ್ತಕ ಹಳೆಯದೇ ಸ್ವಾಮಿ, ಕೇಳಿಸಿಕೊಂಡ ಮಗುವಿಗೆ ಆರು ವರ್ಷ.

ಇದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮಗೆ ಓದಲು ಬಾರದು, ಬಲ್ಲೆ. ಯಾರ ಬಗ್ಗೆ ಬರೆಯುತ್ತೇವೋ ಅವರನ್ನು ಕೇಳದೆ, ಅವರಿಗೆ ತಿಳಿಯದ ಭಾಷೆಯಲ್ಲಿ ಬರೆದರೆ ಅದು ಇತಿಹಾಸವಾಗುತ್ತದೆಂದು ನಿಮ್ಮಿಂದಲೇ ಕಲಿತೆ.

ನೋಡಬಂದವರ ಕ್ಷಮೆ ಕೇಳಿದರೆ ಮಾತ್ರ ಪೂಜಿತಾಳಿಗೆ ಮತ್ತೆ ಕೆಲಸ ಎಂದಿದ್ದೀರಿ. ಅವಳು ಕೇಳುವುದಿಲ್ಲ. ಕೇಳಬೇಕಾದವರು ನೀವು, ಆ ಪುಟ್ಟಿಯ ಬಳಿ. ಆ ಪುಟ ಹರಿಯಿರಿ, ಅಜ್ಜಿಯನ್ನು ಕರೆಸಿ, ಹೊಸ ಪುಟವನ್ನು ಅವರಿಂದ ಹೇಳಿಸಿ, ನನ್ನ ಮಗಳನ್ನು ವಾಪಸ್ ಕರೆಯಿರಿ.

ಅಲ್ಲಿಯವರೆಗೆ ಶನಿವಾರ ಶನಿವಾರ ಅವಳು ನಿಮ್ಮ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ನಿಂತು ತನ್ನ ಪಾಠ ಹೇಳುತ್ತಾಳೆ. ಪೊಲೀಸರನ್ನು ಕರೆಯಬೇಡಿ, ಫುಟ್‌ಪಾತು ನಿಮ್ಮದಲ್ಲ, ನಗರಸಭೆಯದು. ಅದಕ್ಕೂ ಮೊದಲು ಯಾರದಾಗಿತ್ತು ಎಂಬುದನ್ನು ಅವಳೇ ಹೇಳುತ್ತಾಳೆ.

ಇಂತಿ,
ಅವಳನ್ನು ಅಲ್ಲಿಗೆ ಡ್ರೈವ್ ಮಾಡಿ ಬಿಡುವುದಕ್ಕಷ್ಟೇ ಲಾಯಕ್ಕಾದ ಅಪ್ಪ,
ಲಕ್ಷ್ಮೀಕಾಂತ, ಕೆನ್ಮೋರ್