ಮಜ್ಜಿಗೆಗೆ ಎತ್ತಿದ ಲೋಟ

ಮಧುಗಿರಿ

ರಾಜಣ್ಣಾ,

ಕೈ ಮುಗಿಯುತ್ತೇನೆ ಎಂದು ಬರೆಯಲು ಹೋದೆ, ನಿಮ್ಮ ಬಲಗೈ ಕಣ್ಮುಂದೆ ಬಂತು. ಬರೀ ನಮಸ್ಕಾರ ಅಂತ ಇಟ್ಟುಕೊಳ್ಳಿ. ಎದುರಿಗೆ ಕೂತು ಹೇಳಬೇಕಾದ್ದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ. ಹೇಡಿ ಅಂದುಕೊಂಡರೆ ತಪ್ಪಿಲ್ಲ.

ನಾನು ಇಲ್ಲಿ ಕಂಟ್ರೋಲ್ ರೂಮಿನ ಫ್ಯಾನಿನ ಕೆಳಗೆ, ನೀವು ಪಾವಗಡದ ಕಡೆಯ ಪಂಪ್‌ಹೌಸಿನ ಧಗೆಯಲ್ಲಿ, ನಡುವೆ ಮಿಡಿಗೇಶಿ ಬೆಟ್ಟದ ಮೇಲಿನ ರೇಡಿಯೋ ಕಂಬ. ನಮ್ಮ ನಂಟು ಇಷ್ಟೇ. ನಾನಿಲ್ಲಿ ಹಸಿರು ಗುಂಡಿ ಒತ್ತಿದರೆ ಅಲ್ಲಿ ಮೋಟರ್ ಓಡಿ ಊರೂರಿನ ಟ್ಯಾಂಕಿಗೆ ನೀರು ಏರುತ್ತಿತ್ತು. ನೀವು ರಿಪೇರಿ ಮಾಡುವಾಗ ಇಲ್ಲಿಂದ ಯಾರೂ ಓಡಿಸದಂತೆ ತಡೆಯಲು ನಿಮ್ಮ ಕಡೆ ಒಂದು ಸ್ವಿಚ್ ಇತ್ತು, ಅದು ಕೆಟ್ಟುಹೋಗಿತ್ತು. ಹೊಸದು ಬರುತ್ತೆ ಬರುತ್ತೆ ಅಂದವರು ಕಳಿಸಲೇ ಇಲ್ಲ. ಕೊನೆಗೆ ನನ್ನ ಸ್ಟೀಲ್ ಲೋಟವೇ ನಮಗೆ ಸ್ವಿಚ್ ಆಯಿತು.

"ಭುವನಮ್ಮಾ, ಕೈ ಆಕ್ತಾ ಇವ್ನಿ, ಗುಂಡಿ ಮ್ಯಾಲೆ ಲೋಟ ಮುಚ್ಚು ಕಣಮ್ಮ," ಎಂದು ರೇಡಿಯೋದಲ್ಲಿ ಕೂಗುತ್ತಿದ್ದಿರಿ. ನಾನು ಲೋಟ ಬೋರಲು ಹಾಕಿ, "ಮುಚ್ಚಿದೆ ಅಣ್ಣ," ಅನ್ನುತ್ತಿದ್ದೆ. ನೀವು "ತೆಗಿಯಮ್ಮ" ಅನ್ನುವವರೆಗೂ ಅದನ್ನು ಮುಟ್ಟುವಂತಿಲ್ಲ. ಇಷ್ಟು ಜೋರಾಗಿ ಕೂಗುವವರಿಗೆ ರೇಡಿಯೋ ಯಾಕೆ ಬೇಕು ಅಂತ ನಿಮ್ಮನ್ನು ಎಷ್ಟು ರೇಗಿಸಿದ್ದೇನೆ!

ಅವತ್ತು ನೀವು ಮೋಟರಿಗೆ ಬೆಲ್ಟ್ ಹಾಕುತ್ತಿದ್ದಿರಿ. ಲೋಟ ಮುಚ್ಚಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಚಂದ್ರಶೇಖರಯ್ಯನವರು ಹೊರಗಿನ ದೊಡ್ಡವರನ್ನೆಲ್ಲ ಕಂಟ್ರೋಲ್ ರೂಂ ತೋರಿಸಲು ಕರೆತಂದರು. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡಲು ಹೊರಟೆ. ಒಂದು ಲೋಟ ಕಡಿಮೆ ಬಿತ್ತು.

ಆಸ್ಪತ್ರೆಯಲ್ಲಿ ನೀವು ಕೇಳಿದಿರಿ, "ಬಂದಿದ್ದೋರಲ್ಲಿ ಯಾರೋ ಗೊತ್ತಿಲ್ದೆ ಒತ್ಬುಟ್ರಾ ಭುವನಮ್ಮ?" ನಾನು ಹೂಂ ಅಂದೆ. ಸುಳ್ಳು, ರಾಜಣ್ಣ. ಲೋಟ ಎತ್ತಿದವಳು ನಾನು. ತೊಳೆದು ಮಜ್ಜಿಗೆ ತುಂಬಿಸಿ ಕೊಟ್ಟೆ. ಅದು ಅಲ್ಲಿ ಯಾಕಿತ್ತು ಅನ್ನುವುದು ತಲೆಗೇ ಬರಲಿಲ್ಲ. ಬಂದವರಲ್ಲಿ ಒಬ್ಬರಿಗೆ ಮಜ್ಜಿಗೆ ಇಲ್ಲ ಅಂತಾದರೆ ಮರ್ಯಾದೆ ಹೋಗುತ್ತೆ ಅನ್ನುವುದೊಂದೇ ಚಿಂತೆ.

ಆಮೇಲೆ ಮ್ಯಾನೇಜರು "ಪಾವಗಡದ್ದು ಒಂದ್ಸಲ ಓಡಿಸಿ ತೋರಿಸಮ್ಮ" ಅಂದರು. ಗುಂಡಿ ಒತ್ತಿದವಳೂ ನಾನೇ. ಪರದೆಯ ಮೇಲೆ ಕರೆಂಟಿನ ಮುಳ್ಳು ಜಿಗಿಯಿತು. ಅದ್ಯಾಕೆ ಹಾಗೆ ಅಂತ ಒಬ್ಬರು ಕೇಳಿದರು. "ಮೋಟರ್ ಹೊರಡುವಾಗ ಹಾಗೇ ಜಿಗಿಯುತ್ತೆ ಸಾರ್," ಎಂದು ಜಾಣೆಯ ಹಾಗೆ ವಿವರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಮೋಟರಿನ ಜಿಗಿತವೋ ನಿಮ್ಮ ಬೆರಳುಗಳೋ ನನಗಿನ್ನೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ನಗುತ್ತಿದ್ದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿದೆ.

ವಿಚಾರಣೆಯ ದಿನ ನೀವು ನನ್ನನ್ನು ಪಕ್ಕಕ್ಕೆ ಕರೆದು, "ಆ ಗುಂಡಿ ಯಾಕೆ ಕಾಯ್ಲಿಲ್ಲ ಅಂತ ನಿನ್ನೇ ಇಡ್ಕಂತಾರೆ. ನನ್ ಬೆರಳಂತೂ ಓಯ್ತು, ನಿನ್ ಕೆಲ್ಸ ಯಾಕೆ ಓಗ್ಬೇಕು? ಸುಮ್ಕಿರು," ಅಂದಿರಿ. ಒಳಗೆ ಹೋಗಿ, "ನಾನೇ ತೆಗಿಯಮ್ಮ ಅಂದೆ ಸಾರ್, ಮರ್ತು ತಿರುಗಾ ಕೈ ಆಕ್ಬುಟ್ಟೆ," ಎಂದು ಒಪ್ಪಿಕೊಂಡಿರಿ. ನಾನು ಬಾಗಿಲ ಹೊರಗೇ ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು, ಆಡಲಿಲ್ಲ. ತಪ್ಪೆಲ್ಲ ನಿಮ್ಮದೇ ಎಂದು ನಿಮ್ಮನ್ನು ಕೆಲಸದಿಂದ ತೆಗೆದರು. ನಾನು ಮರುದಿನ ಅದೇ ಕುರ್ಚಿಯಲ್ಲಿ ಕೂತೆ.

ಮೊನ್ನೆ ನಿಮ್ಮ ಮನೆಗೆ ಬಂದಾಗ ನೀವು ಎಡಗೈಯಲ್ಲಿ ಮುದ್ದೆ ಮುರಿಯಲು ಹೋದಿರಿ. ಅದು ಜಾರಿ ಸಾರು ನನ್ನ ಸೀರೆಗೆ ಹಾರಿತು. "ಎಡಗೈಗೆ ಇನ್ನೂ ಟ್ರೈನಿಂಗ್ ಕೊಡ್ತಾ ಇವ್ನಿ ಕಣಮ್ಮ," ಎಂದು ನಕ್ಕಿರಿ. ನಿಮ್ಮ ಹೆಂಡತಿ ಸಣ್ಣಕ್ಕ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. ತುಟಿಯವರೆಗೆ ತಂದು ಕೆಳಗಿಟ್ಟೆ. "ಯಾಕಮ್ಮ, ಉಳಿ ಆಗೈತಾ?" ಅಂದರು ಪಾಪ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಇವತ್ತು ಮ್ಯಾನೇಜರಿಗೆ ಎಲ್ಲ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ನಿಮ್ಮನ್ನು ಮತ್ತೆ ಕರೆಸುತ್ತಾರೆ. ದಮ್ಮಯ್ಯ, ಈ ಸಲ ನನ್ನನ್ನು ಉಳಿಸಲು ಹೋಗಬೇಡಿ. ನಿಮ್ಮ ಕೆಲಸ ನಿಮಗೆ ಸಿಗಬೇಕು, ಆಮೇಲೆ ನನಗೇನಾದರೂ ಆಗಲಿ. ಕ್ಷಮಿಸಿ ಅಂತ ಕೇಳಲಾರೆ. ಕೇಳಿದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಅವತ್ತು ನೀವು "ತೆಗಿಯಮ್ಮ" ಅನ್ನಲೇ ಇಲ್ಲ. ಆ ಲೋಟವನ್ನು ಮನೆಗೆ ತಂದು ಬೋರಲು ಹಾಕಿಟ್ಟಿದ್ದೇನೆ.

ನಿಮ್ಮ ಎಡಗೈ ಬೇಗ ಪಳಗಲಿ, ಮನೆಯಲ್ಲಿ ನಗು ಹೀಗೇ ಇರಲಿ. ಸಣ್ಣಕ್ಕನಿಗೆ ಹೇಳಿ, ಮಜ್ಜಿಗೆ ಹುಳಿಯಾಗಿರಲಿಲ್ಲ.

ಇಂತು, ನಿಮ್ಮ ಮಾತಿಗೆ ಕಾಯದೆ ಕೈ ಚಾಚಿದ
ಭುವನಾ